ಪಪ್ಪಿ ಚೀಲದಿಂದ ಅಡಲ್ಟ್ ಚೀಲಕ್ಕೆ: ನಮ್ಮ ಲ್ಯಾಬ್ರಡಾರ್ ತಿಂದ ರಾಯಲ್ ಕ್ಯಾನಿನ್ ಬಗ್ಗೆ

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಜೂಲಿ ಎಂಬ ಹೆಣ್ಣು ಲ್ಯಾಬ್ರಡಾರ್ ಇದ್ದಾಳೆ. ಎರಡು ತಿಂಗಳ ಮರಿಯಾಗಿ ಬಂದಾಗಿನಿಂದ ಹದಿನೈದು ತಿಂಗಳು ತುಂಬುವವರೆಗೆ ಅವಳು ತಿಂದದ್ದು ಬಹುಪಾಲು ರಾಯಲ್ ಕ್ಯಾನಿನ್ ಕಂಪನಿಯ ಲ್ಯಾಬ್ರಡಾರ್ ಪಪ್ಪಿ ಆಹಾರ. ಅಲ್ಲಿಂದ ಈಚೆಗೆ, ಈಗ ಏಳು ತಿಂಗಳಾಯಿತು, ಅದೇ ಕಂಪನಿಯ ಲ್ಯಾಬ್ರಡಾರ್ ಅಡಲ್ಟ್ ತಿನ್ನುತ್ತಿದ್ದಾಳೆ. ‘ಬಹುಪಾಲು’ ಎಂದು ಬರೆಯಲು ಕಾರಣವಿದೆ. ನಡುವೆ, ಅವಳಿಗೆ ಒಂಬತ್ತು ತಿಂಗಳಾಗಿದ್ದಾಗ, ಅಂಗಡಿಯವರ ಮಾತು ಕೇಳಿ ಒಂದು ವಾರ ಎಡವಿದ್ದೆ. ಎರಡೂ ಚೀಲಗಳ ಗುಣದೋಷಕ್ಕಿಂತ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಆ ಹೊತ್ತಿನ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ. ಏಕೆಂದರೆ ಚೀಲ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಬದಲಿಸುವ ಕಾಲ ತಪ್ಪಿದರೆ ಕೊಟ್ಟ ಹಣಕ್ಕೆ ಅರ್ಥವಿರುವುದಿಲ್ಲ.

ಪಪ್ಪಿ ಚೀಲದ ಮೇಲೆ ಹದಿನೈದು ತಿಂಗಳವರೆಗೆ ಎಂದೂ ಅಡಲ್ಟ್ ಚೀಲದ ಮೇಲೆ ಹದಿನೈದು ತಿಂಗಳು ಮೇಲ್ಪಟ್ಟು ಎಂದೂ ಇದೆ. ಮೊದಲ ಸಲ ಓದಿದಾಗ ಇದು ದುಬಾರಿ ಚೀಲವನ್ನು ಇನ್ನೂ ಮೂರು ತಿಂಗಳು ಹೆಚ್ಚು ಮಾರುವ ಉಪಾಯವೆಂದು ನನಗೆ ಅನ್ನಿಸಿತ್ತು, ಏಕೆಂದರೆ ನಾಯಿಗೆ ವರ್ಷ ತುಂಬಿದರೆ ಅದು ದೊಡ್ಡ ನಾಯಿ ಎಂಬ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಇದೇ ಕಂಪನಿ ಗಾತ್ರದ ಪ್ರಕಾರ ಮಾರುವ ಚೀಲಗಳನ್ನು ಸಾಲಾಗಿ ಇಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಪೊಮೆರೇನಿಯನ್‌ನಂಥ ಸಣ್ಣ ತಳಿಗಳ ಮಿನಿ ಪಪ್ಪಿ ಹತ್ತು ತಿಂಗಳಿಗೆ ಮುಗಿಯುತ್ತದೆ, ಮಧ್ಯಮ ತಳಿಗಳದ್ದು ಹನ್ನೆರಡಕ್ಕೆ, ದೊಡ್ಡ ತಳಿಗಳ ಮ್ಯಾಕ್ಸಿ ಪಪ್ಪಿ ಹದಿನೈದಕ್ಕೆ. ಗ್ರೇಟ್ ಡೇನ್‌ನಂಥ ಭಾರಿ ತಳಿಗಳಿಗೆ ಎಂಟು ತಿಂಗಳ ತನಕ ಒಂದು ಚೀಲ, ಆಮೇಲೆ ಜೂನಿಯರ್ ಎಂಬ ಇನ್ನೊಂದು ಚೀಲ. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕವೂ ಇದಕ್ಕೆ ಹತ್ತಿರದ್ದೇ: ಸಣ್ಣ ತಳಿಗೆ ಒಂಬತ್ತರಿಂದ ಹನ್ನೆರಡು ತಿಂಗಳು, ಮಧ್ಯಮಕ್ಕೆ ಒಂದು ವರ್ಷ, ದೊಡ್ಡದಕ್ಕೆ ಹನ್ನೆರಡರಿಂದ ಹದಿನೆಂಟು, ಭಾರಿ ತಳಿಗೆ ಎರಡು ವರ್ಷದವರೆಗೂ. ನಾಯಿ ದೊಡ್ಡದಾದಷ್ಟೂ ಅದರ ಬೆಳವಣಿಗೆ ನಿಧಾನವಾಗಿ ಮುಗಿಯುತ್ತದೆ.

ಈ ಕಂಪನಿಯನ್ನು 1968ರಲ್ಲಿ ಫ್ರಾನ್ಸಿನ ಝಾನ್ ಕಾತಾರಿ ಎಂಬ ಪಶುವೈದ್ಯರು ಆರಂಭಿಸಿದರು. ಈಗ ಇದು ಮಾರ್ಸ್ ಸಂಸ್ಥೆಯ ಒಡೆತನದಲ್ಲಿದೆ, ನಮ್ಮ ಕಿರಾಣಿ ಅಂಗಡಿಗಳಲ್ಲೂ ಸಿಗುವ ಪೆಡಿಗ್ರಿ ಸಹ ಅದೇ ಸಂಸ್ಥೆಯದು.

ಇನ್ನು ನಾನು ಎಡವಿದ ಕಥೆ. ಜೂಲಿಗೆ ಒಂಬತ್ತು ತಿಂಗಳು ತುಂಬಿದ ವಾರ ನಮ್ಮ ಎಂದಿನ ಅಂಗಡಿಯಲ್ಲಿ ಹನ್ನೆರಡು ಕಿಲೋದ ಪಪ್ಪಿ ಚೀಲ ಮುಗಿದಿತ್ತು. ಹುಬ್ಬಳ್ಳಿಗೆ ಹೋಗಿದ್ದಾಗ ಅಲ್ಲಿಯ ಒಂದು ಅಂಗಡಿಗೆ ಹೊಕ್ಕೆ. ಅಂಗಡಿಯವರು ವಯಸ್ಸು ಕೇಳಿದರು, ತಳಿ ಕೇಳಲಿಲ್ಲ. “ಒಂಬತ್ತ ತಿಂಗಳಾತಲ್ರೀ ಅಕ್ಕಾರ, ಹಲ್ಲೆಲ್ಲಾ ಬಂದಿರ್ತಾವು. ಇನ್ನ ದೊಡ್ಡ ನಾಯಿದ ಹಾಕ್ರಿ, ರೊಕ್ಕಾನೂ ಉಳಿತದ” ಎಂದು, ಬಾಯಿ ತೆರೆದಿಟ್ಟಿದ್ದ ಚೀಲದಿಂದ ಬೇರೊಂದು ಕಂಪನಿಯ ಅಡಲ್ಟ್ ಆಹಾರವನ್ನು ನಾಲ್ಕು ಕಿಲೋ ಬಿಡಿಯಾಗಿ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಟ್ಟರು. ಅದರ ತಯಾರಿಕೆಯ ದಿನಾಂಕ ಯಾವುದು, ಚೀಲ ಬಿಚ್ಚಿ ಎಷ್ಟು ದಿನವಾಯಿತು, ಅದರಲ್ಲಿ ಏನು ಎಷ್ಟಿದೆ ಎಂಬುದೊಂದನ್ನೂ ನಾನು ಕೇಳಲಿಲ್ಲ. ಮನೆಗೆ ತಂದು, ಅಂದು ರಾತ್ರಿಯಿಂದಲೇ ಪೂರ್ತಿ ಅದನ್ನೇ ಹಾಕಿದೆ. ಮೂರನೆಯ ದಿನ ಜೂಲಿಗೆ ಭೇದಿ ಶುರುವಾಯಿತು. ಐದನೆಯ ದಿನ ಆ ಆಹಾರದ ಒಣ ಕಾಳಿದ್ದ ಚೀಲಕ್ಕೆ ಮೂಗು ಹಿಡಿದು ನೋಡಿದಾಗ, ಹಳೆಯ ಎಣ್ಣೆಯಲ್ಲಿ ಕರಿದ ಚಕ್ಕುಲಿಗೆ ಬರುವಂಥ ಕಮಟು ವಾಸನೆ ಇತ್ತು.

ಭೇದಿಗೆ ಕಾರಣ ಆಹಾರವನ್ನು ಒಮ್ಮೆಲೇ ಬದಲಿಸಿದ್ದೋ, ಕಮಟು ಹಿಡಿದ ಮಾಲೋ ಎಂದು ಖಚಿತವಾಗಿ ಹೇಳಲಾಗದೆಂದು ನಮ್ಮ ಪಶುವೈದ್ಯರು ಅಂದರು, ಎರಡೂ ತಪ್ಪೇ ಎಂದೂ ಸೇರಿಸಿದರು. ಆದರೆ ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ವಯಸ್ಸಿನ ಮಾತಿಗೆ. “ಹಲ್ಲು ಬಂದ್ರ ಎಲುಬು ಬೆಳದಾವು ಅಂತ ಯಾರ ಹೇಳಿದ್ರು ನಿಮಗ?” ಎಂದು ಕೇಳಿದರು. ನಾಯಿಗೆ ನಲವತ್ತೆರಡು ಶಾಶ್ವತ ಹಲ್ಲುಗಳು ಆರೇಳು ತಿಂಗಳಿಗೇ ಬಂದುಬಿಡುತ್ತವೆ. ದೊಡ್ಡ ತಳಿಯ ಮರಿ ಆ ಹೊತ್ತಿಗೆ ಬೆಳೆದು ಮುಗಿಯುವ ತೂಕದ ಅರ್ಧವನ್ನು ದಾಟಿರುತ್ತದೆ ಅಷ್ಟೆ, ಉದ್ದ ಎಲುಬುಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಎಲುಬಾಗಿ ಗಟ್ಟಿಯಾಗದೆ ಇನ್ನೂ ತೆರೆದೇ ಇರುತ್ತದೆ. ಎತ್ತರವೂ ಹೀಗೆಯೇ ಮೋಸ ಮಾಡುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಲ್ಯಾಬ್ರಡಾರ್ ಹೆಚ್ಚುಕಡಿಮೆ ಪೂರ್ತಿ ಎತ್ತರಕ್ಕೆ ನಿಂತಿರುತ್ತದೆ, ಆದರೆ ಎದೆ ತುಂಬುವುದು, ಮಾಂಸಖಂಡ ಕೂಡುವುದು ಆಮೇಲೆ. ಹತ್ತನೆಯ ತಿಂಗಳಲ್ಲಿ ಜೂಲಿ ಮೊದಲ ಸಲ ಬೆದೆಗೆ ಬಂದಾಗ ನಮ್ಮ ಅತ್ತೆಯವರೂ ಇದೇ ವಾದ ಹೂಡಿದ್ದರು: “ಆಕಿ ಈಗ ದೊಡ್ಡಾಕಿ ಆದ್ಲವಾ, ಇನ್ನೂ ಸಣ್ಣ ಮಕ್ಕಳ ಊಟ ಯಾಕ ಹಾಕತಿ?” ಬೆದೆಗೆ ಬರುವುದಕ್ಕೂ ಎಲುಬು ಬೆಳೆದು ಮುಗಿಯುವುದಕ್ಕೂ ನಡುವೆ ದೊಡ್ಡ ತಳಿಗಳಲ್ಲಿ ತಿಂಗಳುಗಟ್ಟಲೆ ಅಂತರವಿರುತ್ತದೆ ಎಂದು ವಿವರಿಸಲು ಹೋದೆ; ಅವರು ನಂಬಲಿಲ್ಲ, ನಾನು ಪಪ್ಪಿ ಚೀಲವನ್ನೇ ಮುಂದುವರಿಸಿದೆ.

ಹಾಗಾದರೆ ಬೆಳವಣಿಗೆ ಮುಗಿದದ್ದು ತಿಳಿಯುವುದು ಹೇಗೆ? ನಮ್ಮ ವೈದ್ಯರು ಹೇಳಿದ ಉಪಾಯ ತೂಕ. ಸಣ್ಣ ಮರಿಯಾಗಿದ್ದಾಗ ಅವಳನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು ನನ್ನ ತೂಕವನ್ನು ಕಳೆಯುತ್ತಿದ್ದೆ. ಇಪ್ಪತ್ತು ಕಿಲೋ ದಾಟಿದ ಮೇಲೆ ಆ ಸರ್ಕಸ್ ಸಾಧ್ಯವಾಗದೆ, ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲ ತೂಗುವ ಕಾಟಾಕ್ಕೆ ಕರೆದೊಯ್ಯತೊಡಗಿದೆ. ಗಿರಣಿಯವರು ಮೊದಲ ಸಲ, “ಅಕ್ಕಾರ, ಇದು ಕಾಳು ತೂಗೂ ಕಾಟಾ, ನಾಯಿ ಅದರ ಮ್ಯಾಲ ಕೂಡಂಗಿಲ್ಲ” ಎಂದು ನಕ್ಕಿದ್ದರು. ಗಿರಣಿ ಓಡುತ್ತಿದ್ದರೆ ಸದ್ದಿಗೆ ಜೂಲಿ ಬೆದರಿ ಇಳಿದುಬಿಡುತ್ತಿದ್ದಳು, ಅದಕ್ಕೆ ಕರೆಂಟು ಹೋದಾಗ ಅಥವಾ ಮಧ್ಯಾಹ್ನದ ಬಿಡುವಿನಲ್ಲಿ ಹೋಗುತ್ತಿದ್ದೆವು. ಒಂದು ಗೋಣಿ ಚೀಲ ಹಾಸಿ, ಎದುರಿಗೆ ರೊಟ್ಟಿಯ ಚೂರು ಹಿಡಿದರೆ ಕೆಂಪು ಅಂಕಿಗಳು ಒಂದು ಕ್ಷಣ ನಿಲ್ಲುವಷ್ಟು ಹೊತ್ತು ಕೂರುತ್ತಿದ್ದಳು. ಬಾಲ ಅಲ್ಲಾಡಿದರೆ ನೂರು ಇನ್ನೂರು ಗ್ರಾಂ ಅತ್ತಿತ್ತ. ಪ್ರತಿ ತಿಂಗಳ ಮೊದಲ ಭಾನುವಾರದ ಅಂಕಿಯನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅದೇ ಚೌಕದಲ್ಲಿ ಬರೆದಿಟ್ಟಿದ್ದೇನೆ.

ಆ ಅಂಕಿಗಳು ಹೀಗಿವೆ: ನಾಲ್ಕು ತಿಂಗಳಿಗೆ 14 ಕಿಲೋ, ಆರಕ್ಕೆ 19.5, ಎಂಟಕ್ಕೆ 23.6, ಹತ್ತಕ್ಕೆ 26, ಹನ್ನೆರಡಕ್ಕೆ 27.4, ಹದಿಮೂರಕ್ಕೆ 27.9, ಹದಿನಾಲ್ಕಕ್ಕೆ 28.2, ಹದಿನೈದಕ್ಕೆ 28.3. ನಾಲ್ಕರಿಂದ ಆರು ತಿಂಗಳ ನಡುವೆ ಐದೂವರೆ ಕಿಲೋ ಏರಿದ ನಾಯಿ, ಹದಿಮೂರರಿಂದ ಹದಿನೈದರ ನಡುವೆ ಅರ್ಧ ಕಿಲೋ ಸಹ ಏರಲಿಲ್ಲ. ಹೊಟ್ಟೆಯಲ್ಲಿ ಬೊಜ್ಜು ಕೂಡದೆ ಎರಡು ತಿಂಗಳು ತೂಕ ಹೀಗೆ ಒಂದೇ ಕಡೆ ನಿಂತರೆ ಬೆಳವಣಿಗೆ ಮುಗಿಯುತ್ತ ಬಂತೆಂದು ತಿಳಿಯಬಹುದೆಂದು ವೈದ್ಯರು ಹೇಳಿದ್ದರು. ಚೀಲದ ಮೇಲಿನ ಹದಿನೈದು ತಿಂಗಳೂ ಗಿರಣಿಯ ಕಾಟಾದ ಹದಿನೈದು ತಿಂಗಳೂ ನಮ್ಮ ವಿಷಯದಲ್ಲಿ ಒಂದೇ ಆದವು. ಕಂಪನಿಯ ಲೆಕ್ಕದ ಬಗ್ಗೆ ನನಗಿದ್ದ ಅನುಮಾನ ಅಲ್ಲಿಗೆ ಹೋಯಿತು. ಗಂಡು ಲ್ಯಾಬ್ರಡಾರ್ ಇನ್ನೂ ದೊಡ್ಡದಾಗುವುದರಿಂದ ಅದಕ್ಕೆ ಇನ್ನೊಂದೆರಡು ತಿಂಗಳು ಹಿಡಿಯಬಹುದು. ಪೆಡಿಗ್ರಿ ಪ್ರೊ ಸರಣಿಯ ದೊಡ್ಡ ತಳಿಯ ಮರಿಗಳ ಆಹಾರ ಹದಿನೆಂಟು ತಿಂಗಳವರೆಗೆ ಎನ್ನುವುದೂ ಇದೇ ಕಾರಣಕ್ಕೆ ಇದ್ದೀತು.

ಎರಡು ಚೀಲಗಳ ಒಳಗಿನ ವ್ಯತ್ಯಾಸ ಏನೆಂಬುದಕ್ಕೆ ಅಮೆರಿಕದಲ್ಲಿ ಪ್ರಾಣಿಗಳ ಆಹಾರದ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿಗಳ ಆಫ್ಕೋ ಎಂಬ ಸಂಘ ಗೊತ್ತುಪಡಿಸಿದ ಕನಿಷ್ಠ ಪ್ರಮಾಣಗಳು ಒಳ್ಳೆಯ ಕೈಮರ. ತೇವಾಂಶ ಕಳೆದು ಲೆಕ್ಕ ಹಾಕಿದರೆ ಬೆಳೆಯುವ ಮರಿಯ ಆಹಾರದಲ್ಲಿ ಶೇಕಡಾ 22.5 ಪ್ರೋಟೀನ್, 8.5 ಕೊಬ್ಬು, 1.2 ಕ್ಯಾಲ್ಸಿಯಂ, 1 ರಂಜಕ ಇರಲೇಬೇಕು. ಬೆಳೆದ ನಾಯಿಗೆ 18 ಪ್ರೋಟೀನ್, 5.5 ಕೊಬ್ಬು, 0.5 ಕ್ಯಾಲ್ಸಿಯಂ, 0.4 ರಂಜಕ ಸಾಕು. ಪ್ರೋಟೀನಿನಲ್ಲಿ ಅಂಥ ಅಗಾಧ ಅಂತರವೇನಿಲ್ಲ, ಕ್ಯಾಲ್ಸಿಯಂ ಮತ್ತು ರಂಜಕದಲ್ಲಿ ಮಾತ್ರ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸವಿದೆ. ಒಳ್ಳೆಯ ಅಡಲ್ಟ್ ಚೀಲಗಳಲ್ಲಿ ಈ ಕನಿಷ್ಠಕ್ಕಿಂತ ಹೆಚ್ಚೇ ಇರುವುದರಿಂದ ಒಂದು ವಾರ ಅಡಲ್ಟ್ ತಿಂದ ಮಾತ್ರಕ್ಕೆ ಮರಿಗೆ ಏನೂ ಆಗುವುದಿಲ್ಲ. ಆದರೆ ಆರೇಳು ತಿಂಗಳಿಗೇ ಬದಲಿಸಿ, ಉಳಿದ ಬೆಳವಣಿಗೆಯನ್ನೆಲ್ಲ ಅಗ್ಗದ ಅಡಲ್ಟ್ ಚೀಲದ ಮೇಲೆ ಬಿಟ್ಟರೆ ಎಲುಬಿಗೆ ಬೇಕಾದದ್ದು ಸಿಗುತ್ತದೆಂಬ ಭರವಸೆ ಇರುವುದಿಲ್ಲ.

ಹಾಗೆಂದು ಕ್ಯಾಲ್ಸಿಯಂ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಇನ್ನೂ ಅಪಾಯದ್ದು, ಮತ್ತು ನಮ್ಮ ಊರುಗಳಲ್ಲಿ ಹೆಚ್ಚು ಕಾಣುವುದು ಇದೇ. ಮರಿ ತಂದ ಮರುದಿನವೇ ಮೆಡಿಕಲ್ ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ ತಂದು, ಪಪ್ಪಿ ಆಹಾರದ ಮೇಲೆ ಎರಡು ಚಮಚ ಸುರಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಬೇಡವಾದ ಕ್ಯಾಲ್ಸಿಯಂನ್ನು ತಡೆಯುವ ಶಕ್ತಿ ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಕೊಟ್ಟದ್ದರಲ್ಲಿ ಬಹುಭಾಗ ರಕ್ತಕ್ಕೆ ಸೇರುತ್ತದೆ, ದೊಡ್ಡ ತಳಿಗಳಲ್ಲಿ ಇದರಿಂದ ಕೀಲು ಮತ್ತು ಮೃದ್ವಸ್ಥಿಯ ದೋಷಗಳು ಹುಟ್ಟಬಹುದು. ಬೆಳೆದ ಮೇಲೆ ಸುಮಾರು 32 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವ ತಳಿಗಳ ಮರಿಗಳಿಗೆ ಆಫ್ಕೋ ಕ್ಯಾಲ್ಸಿಯಂನ ಮೇಲಿನ ಮಿತಿಯನ್ನು ಶೇಕಡಾ 2.5ರಿಂದ 1.8ಕ್ಕೆ ಇಳಿಸಿರುವುದು ಇದಕ್ಕಾಗಿಯೇ. ಪಪ್ಪಿ ಚೀಲ ಹಾಕುವವರು ಸಿರಪ್ ಬಿಡಬೇಕು. ಬರೀ ರೊಟ್ಟಿ, ಅನ್ನ, ಕೋಳಿಮಾಂಸದ ಮೇಲೆ ಮರಿ ಸಾಕುವವರ ಲೆಕ್ಕ ಬೇರೆ: ಜೋಳದಲ್ಲೂ ಮಾಂಸದಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ, ಅವರು ವೈದ್ಯರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

ತಡವಾಗಿ ಬದಲಿಸಿದರೆ ಬರುವ ತೊಂದರೆ ಬೊಜ್ಜು. ಜೂಲಿಗೆ ಹದಿಮೂರನೆಯ ತಿಂಗಳಲ್ಲಿ ಸಂತಾನಶಕ್ತಿ ಹರಣದ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆ ಬಳಿಕ ನಾಯಿಗೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 20ರಿಂದ 30ರಷ್ಟು ಇಳಿಯುತ್ತದೆ, ಹಸಿವು ಇಳಿಯುವುದಿಲ್ಲ. ಆಗಲೇ ಅಡಲ್ಟ್ ಚೀಲಕ್ಕೆ ಹೋಗಿಬಿಡಲೇ ಎಂದು ಕೇಳಿದಾಗ ವೈದ್ಯರು, ತೂಕ ಇನ್ನೂ ಸ್ವಲ್ಪ ಏರುತ್ತಿದೆ, ಚೀಲ ಅದೇ ಇರಲಿ, ಗ್ರಾಂ ಕಡಿಮೆ ಮಾಡಿ ಎಂದರು. ದಿನಕ್ಕೆ 380 ಗ್ರಾಂ ಹಾಕುತ್ತಿದ್ದದ್ದನ್ನು 320ಕ್ಕೆ ಇಳಿಸಿದೆ. ಮೊದಲ ವಾರ ಖಾಲಿ ತಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ತಂದು ಇಡುತ್ತಿದ್ದಳು, ಅದರ ಸದ್ದಿಗೆ ಅತ್ತೆಯವರ ಮನಸ್ಸು ಕರಗುತ್ತಿತ್ತು.

ಲ್ಯಾಬ್ರಡಾರ್‌ಗಳ ಈ ಹಸಿವಿಗೆ ವಂಶವಾಹಿಯ ಕಾರಣವೂ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಕಳೆದುಹೋಗಿರುತ್ತದೆ. ಅಂಥ ನಾಯಿಗಳು ಹೆಚ್ಚು ತೂಕದವೂ ಊಟಕ್ಕೆ ಹೆಚ್ಚು ಹಂಬಲಿಸುವವೂ ಆಗಿರುತ್ತವೆ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಬದುಕಿನುದ್ದಕ್ಕೂ ಗಮನಿಸಿತ್ತು. ಜೋಡಿಯಲ್ಲಿ ಒಂದು ನಾಯಿಗೆ ಇನ್ನೊಂದಕ್ಕಿಂತ ಶೇಕಡಾ 25 ಕಡಿಮೆ ಆಹಾರ ಕೊಟ್ಟಾಗ, ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ ಇತ್ತು. ಇದನ್ನು ಅತ್ತೆಯವರಿಗೆ ಓದಿ ಹೇಳಿದ ಮೇಲೆ, ಮಧ್ಯಾಹ್ನ ಕೈಯಿಂದ ಜಾರುತ್ತಿದ್ದ ರೊಟ್ಟಿ ಅರ್ಧಕ್ಕೆ ಇಳಿಯಿತು. ಪೂರ್ತಿ ನಿಂತಿಲ್ಲ.

ಬದಲಾವಣೆಗೆ ಏಳು ದಿನ ಸಾಕು ಎನ್ನುತ್ತಾರೆ, ಹುಬ್ಬಳ್ಳಿಯ ಬಿಡಿ ಮಾಲಿನ ಅನುಭವದ ನಂತರ ನಾನು ಹತ್ತು ದಿನ ತೆಗೆದುಕೊಂಡೆ. ಮೊದಲ ಮೂರು ದಿನ ನಾಲ್ಕರಲ್ಲಿ ಒಂದು ಪಾಲು ಅಡಲ್ಟ್, ಅಂದರೆ 320 ಗ್ರಾಂನಲ್ಲಿ 80. ನಾಲ್ಕನೆಯ ದಿನದಿಂದ ಸಮಪಾಲು. ಐದನೆಯ ದಿನ ಮಲ ತುಸು ಮೆತ್ತಗಾಯಿತು. ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಅದೇ ಸಮಪಾಲಿನಲ್ಲಿ ಇನ್ನೆರಡು ದಿನ ನಿಲ್ಲಿಸಿದಾಗ ಸರಿಹೋಯಿತು. ಎಂಟನೆಯ ದಿನ ಮುಕ್ಕಾಲು ಪಾಲು ಅಡಲ್ಟ್, ಹನ್ನೊಂದನೆಯ ದಿನ ಪೂರ್ತಿ. ಇಲ್ಲಿ ಒಂದು ಎಚ್ಚರಿಕೆ: ನಾನು ಮೊದಲು ಸ್ಟೀಲಿನ ಲೋಟದಲ್ಲಿ ಅಳೆಯುತ್ತಿದ್ದೆ. ಅಡಲ್ಟ್ ಕಾಳು ದಪ್ಪವಿದ್ದು ನಡುವೆ ತೂತಿರುವುದರಿಂದ, ಒಂದು ಲೋಟ ಪಪ್ಪಿ ಆಹಾರ 85 ಗ್ರಾಂ ತೂಗಿದರೆ ಅದೇ ಲೋಟ ತುಂಬ ಅಡಲ್ಟ್ 70 ಗ್ರಾಂ ಸಹ ತೂಗಲಿಲ್ಲ. ಆಹಾರ ಬದಲಿಸುವ ದಿನಗಳಲ್ಲಾದರೂ ಅಡುಗೆಮನೆಯ ಸಣ್ಣ ತಕ್ಕಡಿಯನ್ನೇ ಬಳಸುವುದು ಒಳ್ಳೆಯದು.

ಅಡಲ್ಟ್ ಚೀಲದಲ್ಲಿ ನನಗೆ ಹಿಡಿಸಿದ್ದು ಆ ಬಳೆಯಾಕಾರದ ಕಾಳು. ನಾಯಿ ಗಬಗಬ ನುಂಗದೆ ಅಗಿಯಲೆಂದು ಕಂಪನಿ ಅದನ್ನು ಹಾಗೆ ಮಾಡಿದೆ. ಪಪ್ಪಿ ಆಹಾರವನ್ನು ಜೂಲಿ ಒಂದು ನಿಮಿಷದೊಳಗೆ ಬಳಿದು ಮುಗಿಸುತ್ತಿದ್ದಳು, ಈಗ ಎರಡೂವರೆ, ಮೂರು ನಿಮಿಷ ಕಟಕಟ ಸದ್ದು ಕೇಳುತ್ತದೆ. ಉಂಡ ಮೇಲೆ ಕಾಳು ಕಾಳಾಗಿಯೇ ಕಾರಿಕೊಳ್ಳುವುದು ನಿಂತಿದೆ. ಮಲ ಗಟ್ಟಿಯಾಗಿ, ಎತ್ತಿ ಹಾಕಲು ಅನುಕೂಲವಾಗಿದೆ. ಕೂದಲು ಉದುರುವುದು ಮೊದಲಿನಷ್ಟೇ ಇದೆ, ಯಾವ ಚೀಲ ತಂದರೂ ಲ್ಯಾಬ್ರಡಾರ್ ಕೂದಲು ಉದುರಿಸುವುದನ್ನು ಬಿಡುವುದಿಲ್ಲ. ಏಳು ತಿಂಗಳಲ್ಲಿ ತೂಕ 28.3ರಿಂದ 28.6ಕ್ಕೆ ಬಂದಿದೆ. ಈಗ ದಿನಕ್ಕೆ ಎರಡು ಹೊತ್ತು ಸೇರಿ 330 ಗ್ರಾಂ ಹಾಕುತ್ತೇನೆ, ಹನ್ನೆರಡು ಕಿಲೋದ ಚೀಲ ಮೂವತ್ತಾರು ದಿನ ಬರುತ್ತದೆ. ಯಾವ ಕಂಪನಿಯದಾದರೂ ಚೀಲದ ಹಿಂದಿನ ಕೋಷ್ಟಕವನ್ನು ಆರಂಭದ ಅಂದಾಜೆಂದು ಮಾತ್ರ ತೆಗೆದುಕೊಂಡು, ಎರಡು ವಾರಕ್ಕೊಮ್ಮೆ ಪಕ್ಕೆಲುಬು ಮುಟ್ಟಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಅಂಗೈ ಚಾಚಿ ಬೆರಳ ಬುಡದ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿದಾಗ ಹೇಗೆ ಸಿಗುತ್ತದೋ ಹಾಗೆ ಪಕ್ಕೆಲುಬು ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಊಟ ಹೆಚ್ಚಾಗಿದೆ ಎಂದರ್ಥ.

ಈ ಪರೀಕ್ಷೆಯಲ್ಲಿ ಮುಧೋಳ ನಾಯಿಯನ್ನು ಮಾತ್ರ ಬೇರೆಯಾಗಿ ನೋಡಬೇಕು. ಗದಗಿನಲ್ಲಿರುವ ನನ್ನ ತಮ್ಮ, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಿಂದ ಗಂಡುಮರಿಯೊಂದನ್ನು ತಂದಿದ್ದಾನೆ, ಹೆಸರು ವೀರ. ಓಡಲೆಂದೇ ಹುಟ್ಟಿದ ತಳಿ. ಆರೋಗ್ಯವಾಗಿದ್ದರೂ ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಾಣುತ್ತವೆ, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಒಳಕ್ಕೆ ಸೇದಿರುತ್ತದೆ. ನೋಡಿದವರೆಲ್ಲ “ನಾಯಿಗೆ ಊಟಾನ ಹಾಕೂದಿಲ್ಲೇನಪಾ?” ಎಂದು ಕೇಳಿ ಕೇಳಿ, ಅವನು ಅದನ್ನು ದಪ್ಪ ಮಾಡುವ ಹಟಕ್ಕೆ ಬಿದ್ದು ವರ್ಷವಾದ ಮೇಲೂ ಪಪ್ಪಿ ಆಹಾರವನ್ನು ಹೆಚ್ಚು ಹೆಚ್ಚು ಹಾಕುತ್ತಿದ್ದ. ವೀರ ಮಧ್ಯಮ ಗಾತ್ರದ ನಾಯಿ, ತೂಕ ಹನ್ನೊಂದನೆಯ ತಿಂಗಳಿಂದಲೇ 22 ಕಿಲೋದಲ್ಲಿ ನಿಂತಿತ್ತು. ಅದಕ್ಕೆ ಲ್ಯಾಬ್ರಡಾರ್ ಹೆಸರಿನ ಚೀಲವೂ ಬೇಡ, ಹದಿನೈದು ತಿಂಗಳ ಕಾಯುವಿಕೆಯೂ ಬೇಡ. ಹದಿಮೂರನೆಯ ತಿಂಗಳಲ್ಲಿ ಮಧ್ಯಮ ತಳಿಯ ಅಡಲ್ಟ್ ಆಹಾರಕ್ಕೆ ಬದಲಿಸಿದ, ನಾಯಿ ಮೊದಲಿನಂತೆಯೇ ಗಾಳಿಯಂತೆ ಓಡುತ್ತಿದೆ, ಪಕ್ಕೆಲುಬೂ ಮೊದಲಿನಂತೆಯೇ ಕಾಣುತ್ತಿದೆ.

ಖರೀದಿಯ ಬಗ್ಗೆ ಎರಡು ಮಾತು. ಬಿಡಿ ಮಾಲನ್ನು ನಾನಂತೂ ಇನ್ನು ತರುವುದಿಲ್ಲ. ಈಗ ಧಾರವಾಡದಲ್ಲಿ ನಾನು ಹೋಗುವ ಅಂಗಡಿಯವರು ಚೀಲವನ್ನು ಮುಂದಿಡುವ ಮೊದಲೇ ಅಡಿಮೇಲು ಮಾಡಿ ದಿನಾಂಕ ತೋರಿಸುತ್ತಾರೆ, ನಾಯಿಯ ತಳಿ ಮತ್ತು ತೂಕ ಎರಡನ್ನೂ ಕೇಳುತ್ತಾರೆ. ಆಹಾರ ಬದಲಿಸುವ ತಿಂಗಳು ಹತ್ತಿರ ಬಂದಾಗ ಹನ್ನೆರಡು ಕಿಲೋದ ಪಪ್ಪಿ ಚೀಲ ಕೇಳಿದ ನನಗೆ, ಮೂರು ಕಿಲೋದ ಸಣ್ಣ ಚೀಲ ಸಾಕು, ದೊಡ್ಡದು ಉಳಿದುಬಿಡುತ್ತದೆ ಎಂದು ಅವರೇ ಹೇಳಿದರು. ದೊಡ್ಡ ಚೀಲದ ಲಾಭವನ್ನು ಕೈಬಿಟ್ಟು ಹಾಗೆ ಹೇಳುವ ಅಂಗಡಿಯವರು ಹೆಚ್ಚು ಸಿಗುವುದಿಲ್ಲ. ಚೀಲ ಬಿಚ್ಚಿದ ಮೇಲೆ ನಾಲ್ಕರಿಂದ ಆರು ವಾರದೊಳಗೆ ಮುಗಿಸಬೇಕು. ನಮ್ಮ ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಚೀಲದ ಬಾಯಿ ಸಡಿಲಬಿಟ್ಟರೆ ಮೂರೇ ದಿನಕ್ಕೆ ಕಾಳು ಮೆತ್ತಗಾಗುತ್ತದೆ. ನಾನು ಚೀಲವನ್ನು ಚೀಲದ ಸಮೇತ ಜೋಳ ಇಡುತ್ತಿದ್ದ ಹಳೆಯ ತಗಡಿನ ಡಬ್ಬಿಗೆ ಇಳಿಸಿ ಮುಚ್ಚಳ ಬಿಗಿಯುತ್ತೇನೆ. ಡಬ್ಬಿಗೆ ನೇರವಾಗಿ ಸುರಿದರೆ ತಳದ ಹಳೆಯ ಕೊಬ್ಬು ಹೊಸ ಕಾಳಿಗೂ ಹತ್ತಿ ಕಮಟು ಬರುತ್ತದೆ, ದಿನಾಂಕವಿರುವ ಚೀಲವೂ ಕಸಕ್ಕೆ ಹೋಗಿಬಿಡುತ್ತದೆ.

ಬೆಲೆಯ ದೃಷ್ಟಿಯಿಂದ ಇದು ಎಲ್ಲರ ಕೈಗೆ ಎಟುಕುವ ಆಹಾರವಲ್ಲ. ತಿಂಗಳ ಬಜೆಟ್ಟಿನಲ್ಲಿ ಏನನ್ನಾದರೂ ಕಡಿತ ಮಾಡಲೇಬೇಕಿದ್ದರೆ, ಮರಿ ಬೆಳೆಯುವಷ್ಟು ಕಾಲ ಒಳ್ಳೆಯ ಚೀಲ ಕೊಟ್ಟು, ಬೆಳೆದ ಮೇಲೆ ಬೆಲೆ ಕಡಿಮೆಯ ಅಡಲ್ಟ್ ಚೀಲಕ್ಕೆ ಇಳಿಯುವುದು ಸರಿ ಎಂಬುದು ನನ್ನ ಅಭಿಪ್ರಾಯ, ಹುಬ್ಬಳ್ಳಿಯ ಆ ಅಂಗಡಿಯವರ ಸಲಹೆ ಇದಕ್ಕೆ ತಿರುಗುಮುರುಗಾಗಿತ್ತು. ಪಪ್ಪಿ ಚೀಲಕ್ಕೆ ಐದಕ್ಕೆ ನಾಲ್ಕೂವರೆ, ಅಡಲ್ಟ್ ಚೀಲಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅರ್ಧ ಅಂಕ ಕಡಿಮೆಯಾದದ್ದು, ಬೆಳೆದ ನಾಯಿಗೆ ಅಷ್ಟು ಬೆಲೆಯ ಆಹಾರ ಬೇಕೇಬೇಕೆಂದು ನನಗೆ ಇನ್ನೂ ಮನವರಿಕೆಯಾಗದಿರುವುದರಿಂದ.

ಮೂರು ಕಿಲೋದ ಆ ಕೊನೆಯ ಪಪ್ಪಿ ಚೀಲದಲ್ಲಿ ಒಂದೂವರೆ ಕಿಲೋ ಉಳಿದಿತ್ತು. ಮರಿಗಳ ಆಹಾರಕ್ಕೆ ಆಫ್ಕೋ ಹಾಕಿರುವ ಅಳತೆಯೇ ಬಸಿರು ನಾಯಿಗೂ ಹಾಲೂಡುವ ನಾಯಿಗೂ ಅನ್ವಯವಾಗುತ್ತದೆ. ಆ ವಾರ ಗಿರಣಿಯ ಹಿಂದಿನ ಸೌದೆ ರಾಶಿಯ ಸಂದಿಯಲ್ಲಿ ಬೀದಿನಾಯಿಯೊಂದು ಐದು ಮರಿ ಹಾಕಿತ್ತು, ತಾಯಿಯ ಬೆನ್ನೆಲುಬು ಎಣಿಸುವಂತಿತ್ತು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿದೆ. ಗಿರಣಿಯವರು ಅದನ್ನು ನೋಡಿ, “ಇದನ್ನೂ ಕಾಟಾಕ್ಕ ತರ್ತೀರೇನ್ರೀ ಅಕ್ಕಾರ?” ಎಂದರು.